ಆರ್ಮ್ ಬೋರ್ಡಲ್ಲಿ ವಿಎಂ ಬೂಟ್ ಆಗ್ತಿಲ್ವಾ? ಟಿಸಿಜಿ, ವರ್ಟ್ ಮ್ಯಾನೇಜರ್, ಬರೀ ಕ್ಯೂಎಮು ಮೂರೂ ಹಾಕಿ ನೋಡಿದೆ

ಮನೇಲಿರೋ ಆರ್‌ಕೆ3588 ಬೋರ್ಡಲ್ಲಿ (ಆರ್ಮ್ ಚಿಪ್ಪಿನ ಪುಟ್ಟ ಕಂಪ್ಯೂಟರ್) ಒಂದು ಡೆಬಿಯನ್ ವಿಎಂ, ಅಂದ್ರೆ ಲಿನಕ್ಸ್ ಓಡೋ ವರ್ಚುವಲ್ ಮಷೀನ್, ಬೇಕಿತ್ತು. ರಾಸ್ಪ್‌ಬೆರಿ ಪೈ 4ರಲ್ಲಿ ತಕರಾರಿಲ್ದೆ ಓಡ್ತಿದ್ದ ಕ್ಯೂಎಮು (ವಿಎಂ ಓಡಿಸೋ ಸಾಫ್ಟ್‌ವೇರ್) ಕಮಾಂಡನ್ನೇ ತಂದು ಅಂಟಿಸಿದೆ, ಶುರುನೇ ಆಗ್ಲಿಲ್ಲ, ಏನೋ ತಿದ್ದಿ ಶುರು ಮಾಡಿಸಿದ್ರೆ ಒಂದ್ಸಲ ಬೂಟ್ ಆಗತ್ತೆ, ಮುಂದಿನ್ಸಲ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂತ ಬಿದ್ದೋಗತ್ತೆ. ಅದೇ ಕಮಾಂಡ್, ಅದೇ ಇಮೇಜ್ (ವಿಎಂನ ಡಿಸ್ಕ್ ಫೈಲ್)! ಇಮೇಜೇ ಹಾಳಾಗಿದೆ ಅಂದ್ಕೊಂಡು ಎರಡು ದಿನ ಮತ್ತೆ ಮತ್ತೆ ಡೌನ್‌ಲೋಡ್ ಮಾಡಿದ್ದೇ ಬಂತು.

ಆಮೇಲೆ ಕೆವಿಎಂ (ವಿಎಂನ ಅಸಲಿ ಸಿಪಿಯು ಮೇಲೇ ನೇರ ಓಡಿಸೋ ಲಿನಕ್ಸ್ ಸೌಲಭ್ಯ) ತೆಗೆದು ಟಿಸಿಜಿಲಿ ಹಾಕಿದೆ, ಅಂದ್ರೆ ಪೂರ್ತಿ ಸಾಫ್ಟ್‌ವೇರಲ್ಲೇ ಎಮುಲೇಶನ್. ಸಿಪಿಯು ಕಾರ್ಟೆಕ್ಸ್ ಎ72 ಅಂತ ಹೇಳ್ಲೇಬೇಕು, ಹೇಳ್ದಿದ್ರೆ ಅದು 32 ಬಿಟ್ ಎ15 ತಗೊಂಡು ಕೂತ್ಬಿಡತ್ತೆ, 64 ಬಿಟ್ ಇಮೇಜ್ ಅಲ್ಲಾಡಲ್ಲ. ಲಾಗಿನ್ ಬರೋಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟೆ, ಅಷ್ಟು ನಿಧಾನ. ಆದ್ರೆ ಬೂಟ್ ಆಯ್ತು! ಅಲ್ಲಿಗೆ ಇಮೇಜೂ ಸರಿ, ಯುಇಎಫ್‌ಐ ಫೈಲೂ (ವಿಎಂನ ಬೂಟ್ ಮಾಡಿಸೋ ಫರ್ಮ್‌ವೇರ್) ಸರಿ, ತಕರಾರಿರೋದು ಕೆವಿಎಂ ಕಡೆ ಅಂತ ಖಾತ್ರಿ ಆಯ್ತು. ಇದನ್ನ ಮೊದಲ್ನೇ ದಿನಾನೇ ಮಾಡ್ಬೇಕಿತ್ತು ನಾನು. ದಿನಾ ಬಳಸೋಕೆ ಬೇಡ, ಎಕ್ಸ್86 (ಇಂಟೆಲ್, ಎಎಂಡಿ ಪಿಸಿಯ) ಇಮೇಜ್ ಓಡಿಸೋರಿಗೆ ಮಾತ್ರ ಇದೇ ಗತಿ, ಆರ್ಮ್ ಮೇಲೆ ಕೆವಿಎಂ ಅದನ್ನ ಮುಟ್ಟಲ್ಲ.

ವರ್ಟ್ ಮ್ಯಾನೇಜರ್, ಅಂದ್ರೆ ಮೌಸಲ್ಲೇ ವಿಎಂ ಕಟ್ಟಿ ಓಡಿಸೋ ಆ್ಯಪ್, ನೋಡೋಕೆ ಚೆಂದ. ಯುಇಎಫ್‌ಐ ತಾನೇ ಹುಡುಕ್ಕೊಳತ್ತೆ, ಡಿಸ್ಕು ನೆಟ್‌ವರ್ಕು ಎಲ್ಲ ತಾನೇ ಜೋಡಿಸತ್ತೆ. ಬಿದ್ದಾಗ ಮಾತ್ರ ಉದ್ದದ ಪೈಥಾನ್ ಟ್ರೇಸ್ ಮುಖಕ್ಕೆ ಎಸೀತದೆ, ಅದ್ರಲ್ಲಿ ಕೆಲಸಕ್ಕೆ ಬರೋ ಸಾಲು ಒಂದೋ ಎರಡೋ, ಪೂರ್ತಿ ನೋಡ್ಬೇಕಂದ್ರೆ ಲಿಬ್‌ವರ್ಟ್ (ಅದ್ರ ಹಿಂದೆ ಕೆಲಸ ಮಾಡೋ ಸರ್ವಿಸ್) ಲಾಗ್ ಫೋಲ್ಡರಿಗೆ ಹೋಗ್ಬೇಕು.

ರೋಗ ಸಿಕ್ಕಿದ್ದು ಬರೀ ಕ್ಯೂಎಮು ಕಮಾಂಡಲ್ಲೇ. ಮೊದಲು ಡಿಮೆಸೇಜ್ (ಕರ್ನಲ್ ಲಾಗ್) ನೋಡಿದೆ, ಸಿಪಿಯುಗಳೆಲ್ಲ ಇಎಲ್2ನಲ್ಲಿ (ವಿಎಂ ನಡೆಸೋಕೆ ಬೇಕಾದ ಅಧಿಕಾರದ ಮಟ್ಟ) ಶುರುವಾಗಿವೆ ಅಂತಿತ್ತು, ಅಲ್ಲಿ ಇಎಲ್1 ಅಂತಿದ್ರೆ ಕೆವಿಎಂ ಆಸೆ ಬಿಡಿ. ಶುರುನೇ ಆಗ್ದೆ ಇದ್ದಿದ್ದಕ್ಕೆ ಕಾರಣ ಜಿಐಸಿ, ಅಂದ್ರೆ ಇಂಟರಪ್ಟ್ ಕಂಟ್ರೋಲರ್: ಪೈ 4ರದ್ದು 2ನೇ ವರ್ಷನ್, ಈ ಚಿಪ್ಪಿನದ್ದು 3, ನನ್ನ ಹಳೇ ಕಮಾಂಡಲ್ಲಿ 2 ಅಂತ ಬರ್ದಿಟ್ಟಿದ್ದೆ. ನಂಬರ್ ಬದಲು ಹೋಸ್ಟ್ (ಅಸಲಿ ಬೋರ್ಡ್) ಅಂತ ಬರೆದ್ರೆ ಎರಡೂ ಕಡೆ ನಡೆಯತ್ತೆ. ಒಂದ್ಸಲ ಆಗಿ ಒಂದ್ಸಲ ಬೀಳೋದು ಬೇರೇನೇ ಕಥೆ. ಪೈ 4ರಲ್ಲಿ ನಾಲ್ಕೂ ಕೋರ್ ಒಂದೇ ತರ, ಎ72. ಆರ್‌ಕೆ3588ರಲ್ಲಿ 0ರಿಂದ 3 ಸಣ್ಣ ಎ55, 4ರಿಂದ 7 ದೊಡ್ಡ ಎ76. ಕ್ಯೂಎಮು ಹೋಸ್ಟ್ ಸಿಪಿಯು ಯಾವ್ದು ಅಂತ ಒಂದು ಜಾತಿ ಕೋರಲ್ಲಿ ಕೇಳ್ಕೊಂಡು ವಿಸಿಪಿಯುನ (ವಿಎಂ ಒಳಗಿನ ಸಿಪಿಯು) ಇನ್ನೊಂದು ಜಾತಿ ಕೋರಲ್ಲಿ ಎಬ್ಬಿಸೋಕೆ ಹೋದ್ರೆ ಕೆವಿಎಂ ಒಪ್ಪಲ್ಲ. ಶೆಡ್ಯೂಲರ್ (ಯಾವ ಕೆಲಸ ಯಾವ ಕೋರಿಗೆ ಅಂತ ಹಂಚೋ ಕರ್ನಲ್ ಭಾಗ) ಎಲ್ಲಿ ಕೂರಿಸತ್ತೋ ಅದೇ ನಮ್ಮ ಅದೃಷ್ಟ! ಟಾಸ್ಕ್‌ಸೆಟ್ ಕಮಾಂಡ್ ಹಾಕಿ ಕ್ಯೂಎಮುನ 4ರಿಂದ 7ನೇ ಕೋರಿಗೆ ಕಟ್ಟಿದ್ಮೇಲೆ ಒಂದ್ಸಲಾನೂ ಬಿದ್ದಿಲ್ಲ.

ಮಧ್ಯೆ ಇನ್ನೆರಡು ಎಡವಟ್ಟು ನಂದೇ. ಯುಇಎಫ್‌ಐ ಫೈಲನ್ನ ಪಿಫ್ಲಾಶಾಗಿ (ವಿಎಂನ ಫ್ಲಾಶ್ ಚಿಪ್ಪಿನ ತರ) ಕೊಟ್ರೆ ಸರಿಯಾಗಿ 64 ಎಂಬಿ ಇರ್ಬೇಕು, ಟ್ರಂಕೇಟ್ ಕಮಾಂಡಲ್ಲಿ ಹಿಗ್ಗಿಸ್ಬೇಕು. ಮತ್ತೆ ಸ್ಕ್ರೀನ್ ಕಪ್ಪಗಿದ್ರೆ ಸತ್ತೋಗಿದೆ ಅಂತಲ್ಲ, ವರ್ಟ್ ಮಷೀನಿಗೆ (ಕ್ಯೂಎಮುನ ಆರ್ಮ್ ವಿಎಂ ಮಾದರಿ) ಡಿಸ್ಪ್ಲೇ ಕಾರ್ಡ್ ನಾವೇ ಹಾಕ್ಬೇಕು, ಇಲ್ಲ ಸೀರಿಯಲ್ ಕನ್ಸೋಲ್ ನೋಡ್ಬೇಕು.

ಈಗ ಹುಡುಕಾಟ ಎಲ್ಲ ಬರೀ ಕಮಾಂಡಲ್ಲಿ, ಓಡಿಸೋದು ವರ್ಟ್ ಮ್ಯಾನೇಜರಲ್ಲಿ. ಅದ್ರ ಪ್ರಿಫರೆನ್ಸಲ್ಲಿ ಎಕ್ಸ್‌ಎಂಎಲ್ ಎಡಿಟಿಂಗ್ ಆನ್ ಮಾಡಿ ವಿಸಿಪಿಯು ಸಾಲಲ್ಲಿ ಸಿಪಿಯುಸೆಟ್ 4-7 ಅಂತ ಸೇರಿಸಿದೀನಿ. ಸಣ್ಣ ಕೋರ್ ನಾಲ್ಕೂ ಹೋಸ್ಟಿಗೇ ಬಿಟ್ಟೆ, ಮನೆ ಫೈಲ್ ಸರ್ವರ್ ಅದ್ರ ಮೇಲೇ ಓಡ್ಕೊಂಡಿದೆ.