ಹೆಸರು ಒಂದೇ, ವರದಿ ಎರಡು: ಐಇಎಲ್‌ಟಿಎಸ್ ಮತ್ತು ಕೇಂಬ್ರಿಜ್ ಸಿ1 ಎರಡನ್ನೂ ಬರೆದು ನೋಡಿದ ಮೇಲೆ

ಒಂಬತ್ತು ವರ್ಷ ಕೆರೆಗಳ ಪರಿಶೀಲನಾ ವರದಿ ಬರೆದವಳು ನಾನು. ತೂಬು ಸೋರುತ್ತಿದೆಯೇ, ಕೋಡಿಯ ಕಲ್ಲು ಸಡಿಲವಾಗಿದೆಯೇ, ಏರಿಯ ಮೇಲೆ ಜಾಲಿ ಬೆಳೆದು ಬೇರು ಇಳಿದಿದೆಯೇ ಎಂದು ನೋಡಿ, ಅಳೆದು, ಬರೆಯುತ್ತಿದ್ದೆ. ಕೊನೆಯಲ್ಲಿ ಏನು ಮಾಡಬೇಕು ಎಂಬ ಶಿಫಾರಸು ಇಲ್ಲದಿದ್ದರೆ ಆ ವರದಿ ಮೇಲಧಿಕಾರಿಯ ಮೇಜಿನಿಂದ ಮರುದಿನವೇ ಹಿಂದಿರುಗುತ್ತಿತ್ತು. ಆದ್ದರಿಂದ ನೆದರ್ಲ್ಯಾಂಡ್ಸ್‌ನಲ್ಲಿ ನೀರಿನ ನಿರ್ವಹಣೆ ಕುರಿತು ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಲು ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗಿ ಬಂದಾಗ, ನಾನು ಅತಿ ಕಡಿಮೆ ಹೆದರಿದ್ದು ವರದಿ ಬರವಣಿಗೆಗೆ. ಅತಿ ಹೆಚ್ಚು ಪೆಟ್ಟು ಬಿದ್ದದ್ದೂ ಅಲ್ಲಿಯೇ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಮೊದಲ ಸಲ ಆಲಿಸುವಿಕೆ, ಓದು, ಮಾತು ಮೂರರಲ್ಲೂ 7.5 ಬಂತು, ಬರವಣಿಗೆಯಲ್ಲಿ 6. ಬೇಕಾಗಿದ್ದದ್ದು 6.5.

ಆಮೇಲೆ ಕೇಂಬ್ರಿಜ್‌ನ ಸಿ1 ಅಡ್ವಾನ್ಸ್‌ಡ್ ಪರೀಕ್ಷೆ ಬರೆದೆ. ಅದರಲ್ಲಿ ಉತ್ತೀರ್ಣಳಾದರೂ, ನಾನು ಅರ್ಜಿ ಹಾಕಿದ್ದ ಇನ್ನೊಂದು ವಿಭಾಗ ಐಇಎಲ್‌ಟಿಎಸ್ ಅಂಕವನ್ನೇ ಕೇಳಿದ್ದರಿಂದ ಮತ್ತೆ ಅದನ್ನು ಬರೆದೆ. ಎರಡನೆಯ ಸಲ ಬರವಣಿಗೆಗೆ 7 ಬಂತು. ನಡುವಿನ ಹದಿನಾಲ್ಕು ತಿಂಗಳಲ್ಲಿ ನನಗೆ ತಿಳಿದದ್ದು ಇಷ್ಟು: ಎರಡೂ ಪರೀಕ್ಷೆಗಳು ‘ವರದಿ’ ಎಂದು ಕರೆಯುವ ಬರಹಗಳ ಸ್ವಭಾವವೇ ಬೇರೆ. ಒಂದಕ್ಕೆ ಮಾಡಿಕೊಂಡ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ದರೆ ಅಂಕ ಹೋಗುತ್ತದೆ.

ಮೊದಲು ಐಇಎಲ್‌ಟಿಎಸ್. ಬರವಣಿಗೆಗೆ ಒಟ್ಟು 60 ನಿಮಿಷ, ಎರಡು ಪ್ರಶ್ನೆ. ಮೊದಲನೆಯದೇ ವರದಿ. ಒಂದು ಅಂಕಿಗಳ ನಕ್ಷೆ (ಗ್ರಾಫ್), ಕೋಷ್ಟಕ, ಭೂಪಟ ಅಥವಾ ಯಾವುದಾದರೂ ವಸ್ತು ತಯಾರಾಗುವ ಬಗೆಯ ಚಿತ್ರ ಕೊಟ್ಟಿರುತ್ತಾರೆ. ಅದನ್ನು ಕನಿಷ್ಠ 150 ಪದಗಳಲ್ಲಿ ಬರೆಯಬೇಕು. ಅದಕ್ಕೆ 20 ನಿಮಿಷ ಸಾಕು, ಉಳಿದ 40 ನಿಮಿಷವನ್ನು ಪ್ರಬಂಧಕ್ಕೆ ಕೊಡಿ ಎನ್ನುವುದು ಅವರದೇ ಸಲಹೆ. ಅಂಕದಲ್ಲಿ ಪ್ರಬಂಧಕ್ಕೆ ವರದಿಯ ಎರಡರಷ್ಟು ತೂಕ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ‘ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಒಂದು ವರದಿ ಬರೆಯಿರಿ’ ಎಂದಿರುತ್ತಿತ್ತು. ಈಗ ಆ ಅಧ್ಯಾಪಕರು ಪ್ರಶ್ನೆಯಿಂದ ಮರೆಯಾಗಿದ್ದಾರೆ. ಉಳಿದಿರುವುದು ಮೂರು ಕೆಲಸ: ಮುಖ್ಯವಾದದ್ದನ್ನು ಆರಿಸಿ, ತಿಳಿಸಿ, ಹೋಲಿಸಿ.

ನಾನು ಎಡವಿದ್ದು ಎಲ್ಲಿ ಎಂದು ತೋರಿಸಲು, ಅಭ್ಯಾಸಕ್ಕೆಂದು ನಾನೇ ಕಟ್ಟಿಕೊಂಡಿದ್ದ ಒಂದು ನಕ್ಷೆಯನ್ನು ಇಲ್ಲಿ ಕೊಡುತ್ತೇನೆ. ಅಂಕಿಗಳು ಕಲ್ಪಿತ. ಒಂದು ಊರಿನ ಮನೆಗಳು ಎಲ್ಲಿಂದ ನೀರು ತರುತ್ತವೆ ಎಂಬ ಲೆಕ್ಕ. 1990ರಲ್ಲಿ ತೆರೆದ ಬಾವಿ ಶೇ 60, ನಲ್ಲಿ ಶೇ 20, ಕೊಳವೆಬಾವಿ ಶೇ 20. 2000ದಲ್ಲಿ ಬಾವಿ 40, ನಲ್ಲಿ 40, ಕೊಳವೆಬಾವಿ 20. 2010ರಲ್ಲಿ ಬಾವಿ 15, ನಲ್ಲಿ 65, ಕೊಳವೆಬಾವಿ 20.

ಮೊದಲ ಸಲದ ತಯಾರಿಯಲ್ಲಿ ಇಂಥ ನಕ್ಷೆ ಕಂಡ ಕೂಡಲೇ ನನ್ನೊಳಗಿನ ಎಂಜಿನಿಯರ್ ಮೇಲೇಳುತ್ತಿದ್ದಳು. ಬಾವಿಗಳು ಏಕೆ ಬತ್ತಿದವು, ಅಂತರ್ಜಲ ಎಷ್ಟು ಇಳಿದಿರಬಹುದು, ಊರಿನವರು ಮಳೆನೀರು ಇಂಗಿಸಿದ್ದರೆ ಏನಾಗುತ್ತಿತ್ತು ಎಂದೆಲ್ಲ ಬರೆದುಬಿಡುತ್ತಿದ್ದೆ. ಇಂಗ್ಲಿಷ್ ಚೆನ್ನಾಗಿಯೇ ಇರುತ್ತಿತ್ತು. ಆದರೆ ಆ ಪರೀಕ್ಷೆಗೆ ಅದರಲ್ಲಿ ಅರ್ಧ ಬೇಡದ ಸರಕು. ಚಿತ್ರದಲ್ಲಿ ಇಲ್ಲದ ಕಾರಣ, ಅಭಿಪ್ರಾಯ, ಸಲಹೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ‘ಏಕೆ’ ಎಂಬ ಪ್ರಶ್ನೆಯನ್ನು ಇಪ್ಪತ್ತು ನಿಮಿಷ ಪಕ್ಕಕ್ಕಿಡುವುದು ನನಗೆ ವ್ಯಾಕರಣಕ್ಕಿಂತ ಕಷ್ಟವಾಯಿತು.

ಎರಡನೆಯ ತಪ್ಪು ಇದಕ್ಕೆ ತದ್ವಿರುದ್ಧ. ಕಾರಣ ಬರೆಯಬಾರದು ಎಂದು ತಿಳಿದ ಮೇಲೆ ಒಂಬತ್ತು ಅಂಕಿಗಳನ್ನೂ ಸಾಲಾಗಿ ಒಪ್ಪಿಸತೊಡಗಿದೆ. ಯಾವ ಅಂಕಕ್ಕೆ (ಅದನ್ನು ಬ್ಯಾಂಡ್ ಎನ್ನುತ್ತಾರೆ) ಬರಹ ಹೇಗಿರಬೇಕು ಎಂದು ಅವರು ಪ್ರಕಟಿಸಿರುವ ವಿವರಣೆಯನ್ನು ಓದಿದಾಗ ಕಣ್ಣು ತೆರೆಯಿತು. ಸಮಗ್ರ ನೋಟವಿಲ್ಲದೆ ವಿವರಗಳನ್ನು ಯಾಂತ್ರಿಕವಾಗಿ ಹೇಳುತ್ತಾ ಹೋಗುವುದು 5ನೆಯ ಬ್ಯಾಂಡ್‌ನ ಲಕ್ಷಣ. ಸ್ಪಷ್ಟವಾದ ಸಮಗ್ರ ನೋಟ 7ರದ್ದು. ತರಬೇತಿ ಕೇಂದ್ರಗಳಲ್ಲಿ ಎಲ್ಲರೂ ‘ಓವರ್‌ವ್ಯೂ’ ಎನ್ನುವುದು ಇದನ್ನೇ. ನನ್ನ ನಕ್ಷೆಗೆ ಅದು ಹೀಗಿರಬಹುದು: ‘ಒಟ್ಟಾರೆ ನೋಡಿದರೆ, ನಲ್ಲಿ ನೀರಿನ ಪಾಲು ಮೂರು ಪಟ್ಟಿಗೂ ಮೀರಿ ಬೆಳೆಯಿತು, ತೆರೆದ ಬಾವಿ ಮೊದಲ ಸ್ಥಾನದಿಂದ ಕೊನೆಗೆ ಇಳಿಯಿತು, ಕೊಳವೆಬಾವಿ ಇದ್ದಲ್ಲೇ ಇತ್ತು.’ ಇದರಲ್ಲಿ ನಕ್ಷೆಯ ಒಂದು ಅಂಕಿಯೂ ಇಲ್ಲ, ಆದರೂ ನಕ್ಷೆ ಪೂರ್ತಿ ಇದೆ. ಈ ಒಂದು ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗುವವರೆಗೆ ಬರೆಯಲು ಶುರು ಮಾಡಬಾರದು ಎಂಬುದು ನಾನು ಕಂಡುಕೊಂಡ ನಿಯಮ.

ಬರೆಯುವ ದಾರಿಯಲ್ಲೂ ಮೂರು ಪ್ರಯೋಗ ಮಾಡಿದೆ. ಸಿದ್ಧ ಅಚ್ಚನ್ನು ಬಾಯಿಪಾಠ ಮಾಡುವುದು ಒಂದು. ಪಿಯುಸಿಯಲ್ಲಿ ಹಾಗೆ ಬರೆದೇ ಒಳ್ಳೆಯ ಅಂಕ ಪಡೆದಿದ್ದೆ. ಅಂಕಿಗಳ ನಕ್ಷೆಗೆ ಅದು ಹೇಗೋ ಹೊಂದಿಕೊಂಡಿತು, ಭೂಪಟ ಬಂದಾಗ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ಗೆ ತರುವುದು. ಇದನ್ನು ಎಲ್ಲರೂ ಬೇಡ ಎನ್ನುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ತೊಂದರೆಗಳು ನಿಜ. ನಮ್ಮ ‘ಏರಿ, ಇಳಿದು, ಮತ್ತೆ ಏರಿ, ಕೊನೆಗೆ ನಿಂತಿತು’ ಎಂಬ ಸರಪಳಿ ಇಂಗ್ಲಿಷ್‌ನಲ್ಲಿ ‘ಆ್ಯಂಡ್’ಗಳ ಸಾಲಾಗುತ್ತದೆ. ಉದ್ದದ ಅಂದಾಜೂ ತಪ್ಪುತ್ತದೆ: ‘ಮನೆಯಲ್ಲಿದ್ದವರಿಗೆ’ ಎಂಬ ನಮ್ಮ ಒಂದು ಪದ ಇಂಗ್ಲಿಷ್‌ನಲ್ಲಿ ಏಳು ಪದ. ಆದರೆ ಒಂದು ಕಡೆ ಕನ್ನಡ ನನ್ನನ್ನು ಕಾಪಾಡಿತು. ಅಂಕಿಗಳ ವರದಿಯಲ್ಲಿ ಅತಿ ಹೆಚ್ಚು ತಪ್ಪಾಗುವುದು ‘ಫ್ರಮ್’, ‘ಟು’, ‘ಬೈ’ ಎಂಬ ಮೂರು ಪುಟ್ಟ ಪದಗಳಲ್ಲಿ. ನಮ್ಮಲ್ಲಿ ‘20ರಿಂದ’, ‘65ಕ್ಕೆ’, ‘45ರಷ್ಟು’ ಎಂದು ಯಾರೂ ತಡವರಿಸದೆ ಹೇಳುತ್ತೇವೆ. ‘ಇಂದ’ ಎಂದರೆ ‘ಫ್ರಮ್’, ‘ಕ್ಕೆ’ ಎಂದರೆ ‘ಟು’, ‘ರಷ್ಟು’ ಎಂದರೆ ‘ಬೈ’ ಎಂದು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡ ದಿನದಿಂದ ಆ ತಪ್ಪು ನನ್ನಿಂದ ಆಗಲಿಲ್ಲ. ಜೊತೆಗೆ ಇನ್ನೊಂದು ಎಚ್ಚರ: ಶೇ 20 ಇದ್ದದ್ದು ಶೇ 65 ಆದರೆ ಅದು 45 ಶೇಕಡಾ ಅಂಶಗಳ (ಪರ್ಸೆಂಟೇಜ್ ಪಾಯಿಂಟ್) ಏರಿಕೆಯೇ ಹೊರತು ಶೇ 45ರ ಏರಿಕೆಯಲ್ಲ. ಲೆಕ್ಕ ಬಲ್ಲವರೂ ಅವಸರದಲ್ಲಿ ಇದನ್ನು ತಪ್ಪಾಗಿ ಬರೆಯುತ್ತಾರೆ.

ಕೊನೆಗೆ ಉಳಿದದ್ದು ಮೂರನೆಯ ದಾರಿ. ನಾಲ್ಕು ನಿಮಿಷ ಏನನ್ನೂ ಬರೆಯದೆ ನಕ್ಷೆ ನೋಡುವುದು. ಏರಿದ್ದು, ಇಳಿದದ್ದು, ನಿಂತದ್ದು ಎಂದು ಗುಂಪು ಮಾಡುವುದು. ಸಮಗ್ರ ನೋಟದ ವಾಕ್ಯ ಕಟ್ಟುವುದು. ಹದಿಮೂರು ನಿಮಿಷ ಬರೆಯುವುದು. ಮೂರು ನಿಮಿಷ ತಿದ್ದುವುದು, ಅದರಲ್ಲೂ ನಮ್ಮ ಭಾಷೆಯಲ್ಲಿಲ್ಲದ ‘ದ’ (the), ‘ಎ’ (a)ಗಳನ್ನು ಹುಡುಕುವುದು. ಗುಂಪು ಮಾಡಿದರೆ ವಿವರದ ಎರಡು ಪ್ಯಾರಾಗಳು ತಾವಾಗಿಯೇ ಬೀಳುತ್ತವೆ. ನನ್ನ ನಕ್ಷೆಯಲ್ಲಿ ಮೊದಲ ಪ್ಯಾರಾ ನಲ್ಲಿ ಮತ್ತು ಬಾವಿಗೆ, 2000ದಲ್ಲಿ ಎರಡೂ ಸಮವಾದದ್ದನ್ನು ಹೇಳುತ್ತಾ. ಎರಡನೆಯದು ಕೊಳವೆಬಾವಿಗೆ, ಅದು ಕೊನೆಯಲ್ಲಿ ಬಾವಿಯನ್ನು ದಾಟಿದ್ದನ್ನು ಸೇರಿಸಿ. ಶೀರ್ಷಿಕೆ ಬೇಡ, ಉಪಶೀರ್ಷಿಕೆ ಬೇಡ, ಚುಕ್ಕಿಯಿಟ್ಟ ಪಟ್ಟಿಯಂತೂ ಬೇಡವೇ ಬೇಡ.

ಇನ್ನು ಸಿ1. ಇಲ್ಲಿ ಬರವಣಿಗೆಗೆ 90 ನಿಮಿಷ, ಎರಡು ಉತ್ತರ, ಪ್ರತಿಯೊಂದೂ 220ರಿಂದ 260 ಪದ. ಮೊದಲನೆಯದು ಕಡ್ಡಾಯ ಪ್ರಬಂಧ. ಎರಡನೆಯದರಲ್ಲಿ ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಪತ್ರ ಅಥವಾ ಇಮೇಲ್, ಪ್ರಸ್ತಾವ, ವರದಿ, ವಿಮರ್ಶೆ ಇವುಗಳಿಂದ ಅವು ಬರುತ್ತವೆ. ಅಂದರೆ ವರದಿಯನ್ನೇ ನಂಬಿ ಕೂತರೆ ಆ ದಿನ ವರದಿಯೇ ಬರದೆ ಹೋಗಬಹುದು. ನಾನು ಪ್ರಸ್ತಾವವನ್ನೂ ಕಲಿತಿಟ್ಟುಕೊಂಡೆ. ವರದಿ ನಡೆದುಹೋದದ್ದನ್ನು ತೂಗಿ ನೋಡಿ ಸಲಹೆ ಕೊಡುತ್ತದೆ, ಪ್ರಸ್ತಾವ ಮುಂದೆ ಆಗಬೇಕಾದದ್ದಕ್ಕೆ ಒಪ್ಪಿಗೆ ಕೇಳುತ್ತದೆ. ಸಾಮಗ್ರಿ ಒಂದೇ, ಅಡುಗೆ ಬೇರೆ.

ಇಲ್ಲಿ ಪ್ರಶ್ನೆಯಲ್ಲಿಯೇ ಓದುಗ ಇರುತ್ತಾನೆ. ನಾನು ಅಭ್ಯಾಸ ಮಾಡಿದ ಒಂದು ಪ್ರಶ್ನೆ: ಹೊರದೇಶದ ವಿದ್ಯಾರ್ಥಿಗಳಿಗಾಗಿ ಕಾಲೇಜು ನಡೆಸಿದ ಸ್ವಾಗತ ಸಪ್ತಾಹದ ಬಗ್ಗೆ ಪ್ರಾಂಶುಪಾಲರಿಗೆ ವರದಿ, ಏನು ಚೆನ್ನಾಗಿತ್ತು, ಯಾವುದಕ್ಕೆ ಜನ ಬರಲಿಲ್ಲ, ಮುಂದಿನ ವರ್ಷ ಏನು ಬದಲಿಸಬೇಕು. ಓದಿದ ಕೂಡಲೇ ನನಗೆ ತವರಿಗೆ ಬಂದಂತಾಯಿತು. ಶೀರ್ಷಿಕೆ, ಉಪಶೀರ್ಷಿಕೆ, ಕೊನೆಯಲ್ಲಿ ಶಿಫಾರಸು, ಎಲ್ಲವೂ ನನ್ನ ಕಚೇರಿಯ ವರದಿಯ ಹಾಗೆಯೇ. ಐಇಎಲ್‌ಟಿಎಸ್‌ನಲ್ಲಿ ನನ್ನ ಅಂಕ ಕಳೆದ ಅಭ್ಯಾಸ ಇಲ್ಲಿ ಬಂಡವಾಳವಾಯಿತು.

ಆದರೆ ಇಲ್ಲಿಯೂ ಎರಡು ತೊಡಕು. ಒಂದು, ವಿವರಗಳನ್ನು ನಾವೇ ಹುಟ್ಟಿಸಬೇಕು. ಎಷ್ಟು ಮಂದಿ ಬಂದರು, ಎಷ್ಟು ಮಂದಿಯನ್ನು ಮಾತನಾಡಿಸಿದೆ, ಅವರು ಏನೆಂದರು ಎಂಬುದೆಲ್ಲ ಕಲ್ಪನೆ. ಅಳೆಯದ ಅಂಕಿಯನ್ನು ವರದಿಯಲ್ಲಿ ಬರೆಯುವುದು ನನ್ನ ವೃತ್ತಿಯಲ್ಲಿ ಅಪರಾಧ. ಹಲವು ವಾರ ನನ್ನ ಕೈ ಅಲ್ಲಿ ತಡೆಯುತ್ತಿತ್ತು, ವರದಿ ಮೋಡದಂತೆ ತೇಲುತ್ತಿತ್ತು. ‘ಬಹಳ ವಿದ್ಯಾರ್ಥಿಗಳಿಗೆ ಕಷ್ಟವಾಯಿತು’ ಎನ್ನುವುದಕ್ಕಿಂತ ‘ನಾನು ಮಾತನಾಡಿಸಿದ ಇಪ್ಪತ್ತು ಮಂದಿಯಲ್ಲಿ ಹದಿನಾಲ್ಕು ಮಂದಿಗೆ ಬಸ್ ಪಾಸ್ ಎಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲ’ ಎಂದರೆ ಪ್ರಾಂಶುಪಾಲರಿಗೆ ಏನಾದರೂ ಮಾಡಲು ಸಾಧ್ಯ. ಇದು ಭಾಷೆಯ ಪರೀಕ್ಷೆ, ಲೆಕ್ಕಪರಿಶೋಧನೆಯಲ್ಲ ಎಂದು ಮನಸ್ಸನ್ನು ಒಪ್ಪಿಸಿದ ಮೇಲೆ ಬರಹಕ್ಕೆ ಜೀವ ಬಂತು.

ಇನ್ನೊಂದು ನಮ್ಮ ಕಚೇರಿ ಕನ್ನಡದ ನೆರಳು. ‘ಪರಿಶೀಲಿಸಲಾಯಿತು’, ‘ಗಮನಿಸಲಾಗಿದೆ’, ‘ಕ್ರಮ ಕೈಗೊಳ್ಳತಕ್ಕದ್ದು’ ಎಂದು ಬರೆದೂ ಬರೆದೂ, ಇಂಗ್ಲಿಷ್‌ನಲ್ಲೂ ಪ್ರತಿ ವಾಕ್ಯ ಕರ್ತೃವಿಲ್ಲದೆ ನಡೆಯುತ್ತಿತ್ತು. ನನ್ನ ಅಭ್ಯಾಸ ತಿದ್ದುತ್ತಿದ್ದ ಶಿಕ್ಷಕಿ ಒಂದೇ ಮಾತು ಕೇಳಿದರು: ‘ಇದನ್ನು ಪ್ರಾಂಶುಪಾಲರು ಓದುತ್ತಾರೋ ಅಥವಾ ಆಜ್ಞೆಯೆಂದು ಗೋಡೆಗೆ ಅಂಟಿಸುತ್ತಾರೋ?’ ಆ ಪರೀಕ್ಷೆಯಲ್ಲಿ ನಾಲ್ಕು ಅಳತೆಗಳಿವೆ, ಪ್ರತಿಯೊಂದಕ್ಕೂ ಗರಿಷ್ಠ 5: ವಿಷಯ, ಸಂವಹನ, ಜೋಡಣೆ, ಭಾಷೆ. ನನ್ನ ತೊಡಕು ಎರಡನೆಯದರಲ್ಲಿ. ಕನ್ನಡದಲ್ಲಿ ‘ಮಾಡತಕ್ಕದ್ದು’, ‘ಮಾಡಬೇಕು’, ‘ಮಾಡಬಹುದು’, ‘ಮಾಡಿದರೆ ಒಳ್ಳೆಯದು’ ಎಂಬ ನಾಲ್ಕು ಮೆಟ್ಟಿಲುಗಳಿವೆ. ಮೇಲಿನವರಿಗೆ ಸಲಹೆ ಕೊಡುವಾಗ ನಾವು ಯಾವ ಮೆಟ್ಟಿಲಲ್ಲಿ ನಿಲ್ಲುತ್ತೇವೆ ಎಂದು ಯಾರೂ ಕಲಿಸಬೇಕಾಗಿಲ್ಲ. ಅದೇ ವಿವೇಕವನ್ನು ಇಂಗ್ಲಿಷ್‌ನ ‘ಮಸ್ಟ್’, ‘ಶುಡ್’, ‘ಕುಡ್’ಗಳಿಗೆ ಹೊಂದಿಸಿಕೊಂಡಾಗ ನನ್ನ ಶಿಫಾರಸಿನ ಪ್ಯಾರಾ ಮೊದಲ ಸಲ ಮನುಷ್ಯರ ಮಾತಿನಂತೆ ಕೇಳಿಸಿತು.

ಸಮಯ ಮತ್ತು ಸಾಧನದ ಬಗ್ಗೆ ಎರಡು ಮಾತು. ಐಇಎಲ್‌ಟಿಎಸ್ ಅನ್ನು ಎರಡು ಸಲವೂ ಕಂಪ್ಯೂಟರ್‌ನಲ್ಲಿ ಬರೆದೆ. ಪರದೆಯ ಮೇಲೆ ಪದಗಳ ಸಂಖ್ಯೆ ತಾನೇ ಕಾಣುವುದು ದೊಡ್ಡ ನೆಮ್ಮದಿ, ಪ್ಯಾರಾವನ್ನು ಮೇಲೆ ಕೆಳಗೆ ಮಾಡುವುದೂ ಸುಲಭ. ಸಿ1 ಅನ್ನು ಕಾಗದದ ಮೇಲೆ ಬರೆದೆ. ಒಂದು ಸಾಲಿಗೆ ನನ್ನ ಅಕ್ಷರದಲ್ಲಿ ಎಷ್ಟು ಪದ ಬೀಳುತ್ತವೆ ಎಂದು ಮೊದಲೇ ಎಣಿಸಿಟ್ಟುಕೊಂಡಿದ್ದೆ. ಆದರೂ ಒಂದು ವರದಿಗೆ ಸುಮಾರು 45 ನಿಮಿಷ ಸಿಗುವುದರಿಂದ ಅಲ್ಲಿ ಉಸಿರಾಡಲು ಸಮಯವಿತ್ತು. ಇನ್ನೊಂದು ವ್ಯತ್ಯಾಸ ಅಂಕದ ತೂಕದ್ದು: ಸಿ1ರಲ್ಲಿ ವರದಿ ಬರವಣಿಗೆಯ ಅರ್ಧ, ಐಇಎಲ್‌ಟಿಎಸ್‌ನಲ್ಲಿ ಮೂರನೆಯ ಒಂದು ಭಾಗ.

ಪರೀಕ್ಷೆಯ ನಂತರದ ಲೆಕ್ಕವೂ ಬೇರೆ. ಐಇಎಲ್‌ಟಿಎಸ್ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಮಾತ್ರ ಒಪ್ಪುತ್ತಾರೆ. ಸಿ1 ಪ್ರಮಾಣಪತ್ರಕ್ಕೆ ಮುಗಿಯುವ ದಿನಾಂಕವಿಲ್ಲ, ಆದರೆ ತೀರಾ ಹಳೆಯದು ಬೇಡ ಎನ್ನುವ ಹಕ್ಕು ವಿಶ್ವವಿದ್ಯಾಲಯಕ್ಕಿದೆ. ಪರೀಕ್ಷೆಯ ದಿನಗಳು ಐಇಎಲ್‌ಟಿಎಸ್‌ಗೆ ಧಾರಾಳ, ಸಿ1ಕ್ಕೆ ವಿರಳ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದು ಬರೆಯುವ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ.

ಕಳೆದ ತಿಂಗಳು ನನ್ನ ಹಳೆಯ ಕಚೇರಿಯ ಕಿರಿಯ ಸಹೋದ್ಯೋಗಿ ಫೋನ್ ಮಾಡಿ, ‘ಅಕ್ಕಾ, ಯಾವುದು ಬರೆಯಲಿ?’ ಎಂದು ಕೇಳಿದಳು. ಮೊದಲು ವಿಶ್ವವಿದ್ಯಾಲಯ ಏನು ಕೇಳುತ್ತದೆ ನೋಡು, ಎರಡನ್ನೂ ಒಪ್ಪುವುದಾದರೆ ಐಇಎಲ್‌ಟಿಎಸ್ ಬರೆ ಎಂದೆ; ಅರ್ಜಿಯ ಗಡುವಿಗೆ ಹೊಂದುವುದು ಅದೇ. ಆದರೆ ಮೊದಲ ಎರಡು ವಾರ ಸಿ1 ವರದಿಗಳನ್ನೇ ಬರೆ ಎಂದೂ ಹೇಳಿದೆ. ಕೆರೆಯ ಬಗ್ಗೆಯೇ ಬರೆಯಲಿ, ಓದುಗ ಯಾರೆಂದು ಮೇಲೆ ಬರೆದುಕೊಳ್ಳಲಿ, ಶಿಫಾರಸು ಮಾಡುವ ಆಸೆಯನ್ನು ಅಲ್ಲಿ ಪೂರ್ತಿ ತೀರಿಸಿಕೊಳ್ಳಲಿ. ಆಮೇಲೆ ನಕ್ಷೆಗಳಿಗೆ ಕೈ ಹಾಕುವಾಗ ದಿನಕ್ಕೊಂದರಂತೆ, ಮೊದಲ ವಾರ ವರದಿಯನ್ನೇ ಬರೆಯದೆ, ಬರೀ ಸಮಗ್ರ ನೋಟದ ಒಂದು ವಾಕ್ಯವನ್ನಷ್ಟೇ ಬರೆಯಲಿ. ಮೊನ್ನೆ ಅವಳು ಕಳಿಸಿದ ಏಳನೆಯ ವಾಕ್ಯದಲ್ಲಿ ಅಂಕಿಯೂ ಇರಲಿಲ್ಲ, ಕಾರಣವೂ ಇರಲಿಲ್ಲ.