ಸೌತೆಕಾಯಿಯಿಂದ ರಾಜಹಂಸದವರೆಗೆ: ನಿಕಾನ್ 200–500 ಲೆನ್ಸಿನೊಂದಿಗೆ ಎರಡು ವರ್ಷ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಹಾಲ್ ಗೋಡೆಯಿಂದ ಗೋಡೆಗೆ ಸರಿಯಾಗಿ ಹತ್ತು ಅಡಿ ಇದೆ. ಲೆನ್ಸಿನ ವಿಮರ್ಶೆಯನ್ನು ಮನೆಯ ಅಳತೆಯಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ನಿಕಾನ್ 200–500 ಮಿಲಿಮೀಟರ್ ಎಫ್ 5.6 ಲೆನ್ಸಿಗೆ ವಸ್ತುವು ಕನಿಷ್ಠ 2.2 ಮೀಟರ್, ಅಂದರೆ ಏಳು ಅಡಿಗಿಂತ ತುಸು ಹೆಚ್ಚು ದೂರದಲ್ಲಿದ್ದರೆ ಮಾತ್ರ ಫೋಕಸ್ ಸಿಗುತ್ತದೆ. ಕಿಟಕಿಯ ಪಕ್ಕದ ಮೇಜು ಎರಡು ಅಡಿಯನ್ನು, ಟ್ರೈಪಾಡ್ ಮತ್ತು ಅದರ ಹಿಂದೆ ನಿಲ್ಲುವ ನಾನು ಇನ್ನೆರಡು ಅಡಿಯನ್ನು ಆಕ್ರಮಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ನನ್ನ ಸ್ಟಿಲ್ ಲೈಫ್ (ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳ) ಚಿತ್ರಗಳೆಲ್ಲವೂ ಅಡುಗೆಮನೆಯ ಬಾಗಿಲಲ್ಲಿ ನಿಂತು ತೆಗೆದವು. ಮೊದಲ ದಿನ ಒಗ್ಗರಣೆ ಹಾಕಲು ದಾರಿ ಸಿಗದೆ ನಿಂತ ನನ್ನ ಹೆಂಡತಿ, “ಅಲ್ಲ ಮಾರಾಯ್ರೆ, ಒಂದು ಸೌತೆಕಾಯಿಯ ಫೋಟೋಕ್ಕೆ ಇಷ್ಟು ದೊಡ್ಡ ತೋಪು ಬೇಕಾ? ನಾಳೆ ಅದು ಹುಳಿಗೆ ಬೇಕು, ನೆನಪಿರಲಿ” ಎಂದಿದ್ದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. 2015ರ ಆಗಸ್ಟಿನಲ್ಲಿ ನಿಕಾನ್ ಪ್ರಕಟಿಸಿದ ಈ ಲೆನ್ಸು ಹಕ್ಕಿ ಮತ್ತು ವನ್ಯಜೀವಿಗಳ ಚಿತ್ರ ತೆಗೆಯುವವರಿಗಾಗಿ ಮಾಡಿದ್ದು. ಟ್ರೈಪಾಡ್ ಕಾಲರ್ ಸೇರಿದಂತೆ ಅದರ ತೂಕ 2300 ಗ್ರಾಂ, ಮುಂದಿನ ಫಿಲ್ಟರಿನ ವ್ಯಾಸ 95 ಮಿಲಿಮೀಟರ್. 200ರಲ್ಲಿದ್ದರೂ 500ರಲ್ಲಿದ್ದರೂ ಅಪರ್ಚರ್, ಅಂದರೆ ಲೆನ್ಸು ಬೆಳಕಿಗೆ ತೆರೆದುಕೊಳ್ಳುವ ಅಳತೆ, 5.6ರಲ್ಲೇ ನಿಲ್ಲುವುದು ಅದರ ದೊಡ್ಡ ಗುಣ. ಇದೇ ಅಂದಾಜಿನ 150–600 ಜೂಮುಗಳು ತುದಿಗೆ ಹೋಗುವಾಗ 6.3ಕ್ಕೆ ಇಳಿಯುತ್ತವೆ; ಈ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. ನನ್ನ ಬಳಿ ಇರುವ ಡಿ7500 ಕ್ಯಾಮೆರಾದ ಸಣ್ಣ ಸೆನ್ಸರಿನ ಮೇಲೆ ಇದು 300ರಿಂದ 750 ಮಿಲಿಮೀಟರ್ ಲೆನ್ಸಿನಷ್ಟೇ ನೋಟ ಕೊಡುತ್ತದೆ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಠಾಣೆ ಖಾಡಿಯ, ಅಂದರೆ ಅಲ್ಲಿನ ಕಡಲ ಕೊಲ್ಲಿಯ, ರಾಜಹಂಸಗಳಿಗಾಗಿಯೇ (ಫ್ಲೆಮಿಂಗೊ) ಇದನ್ನು ಕೊಂಡೆ. ಕೊಂಡದ್ದು ಜೂನ್ ತಿಂಗಳಲ್ಲಿ. ಹಕ್ಕಿಗಳು ಹೊರಟುಹೋಗಿದ್ದವು, ಮಳೆ ಹಿಡಿದಿತ್ತು. ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿಡಲು ಮನಸ್ಸಾಗದೆ ಮೇಜಿನ ಮೇಲಿನ ವಸ್ತುಗಳ ಕಡೆಗೆ ತಿರುಗಿಸಿದೆ. ಈ ಲೆನ್ಸಿನ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಆ ಮಳೆಗಾಲವೇ ಹೊರತು ಅದರ ನಂತರದ ಚಳಿಗಾಲವಲ್ಲ.

ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದಿದ್ದೆ. ಉಪನಗರದ ಒಂದು ಅಂಗಡಿಯವರು ಲೆನ್ಸನ್ನು ಮರಳಿಸುವಾಗ ಅದರ ತುದಿಗೆ ಹಾಕುವ ಬಿಸಿಲು ತಡೆಯುವ ಹುಡ್ಡಿನ ಅಂಚಿನಲ್ಲಿ ಸೀಳು ಇದೆಯೆಂದು ಠೇವಣಿಯಲ್ಲಿ ಒಂದಷ್ಟು ಹಿಡಿದುಕೊಂಡರು. ಆ ಸೀಳು ತರುವಾಗಲೇ ಇತ್ತೆಂದು ತೋರಿಸಲು ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ. ಫೋಟೋ ತೆಗೆಯುವ ಹುಚ್ಚಿನವನು ಅಂಗಡಿಯ ಕೌಂಟರಿನ ಮೇಲೆ ಆ ಲೆನ್ಸಿನದೇ ನಾಲ್ಕು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಲು ಮರೆತನೆಂದರೆ ಯಾರನ್ನು ದೂರುವುದು? ಆಮೇಲೆ ಫೋರ್ಟಿನ ಕ್ಯಾಮೆರಾ ಗಲ್ಲಿಗಳಲ್ಲಿ ಎರಡು ಶನಿವಾರ ಅಲೆದು, ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು ಸೆಕೆಂಡ್ ಹ್ಯಾಂಡ್ ಪ್ರತಿಯನ್ನು ತಂದೆ. ಕೊಳ್ಳುವಾಗ ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ ಫಂಗಸ್ಸಿನ ಎಳೆಗಳಿವೆಯೇ ಎಂದು ನೋಡಿದೆ. ಮುಂಬಯಿಯ ತೇವದಲ್ಲಿ ಬಾಳಿದ ಯಾವ ಹಳೆಯ ಲೆನ್ಸನ್ನಾದರೂ ಹೀಗೆ ನೋಡದೆ ಕೊಳ್ಳಬಾರದು.

ಈಗ ಮೇಜಿನ ವಿಷಯ. ಮಾಟುಂಗದ ಮಾರುಕಟ್ಟೆಯಲ್ಲಿ ನಮ್ಮೂರಿನ ಸೌತೆಕಾಯಿ, ಬಸಳೆ, ಕೆಸುವಿನ ಎಲೆ ಎಲ್ಲವೂ ಸಿಗುತ್ತವೆ; ನನ್ನ ಮೊದಲ ಮಾಡೆಲ್ ಹಳದಿ ಮೈಯ ಮೇಲೆ ಹಸಿರು ಪಟ್ಟೆಗಳಿದ್ದ ಒಂದು ಸೌತೆಕಾಯಿ, ಎರಡನೆಯದು ಅಮ್ಮನ ಕಾಲದ ಹಿತ್ತಾಳೆಯ ತಂಬಿಗೆ. ಈ ಲೆನ್ಸು ಅತಿ ಸಮೀಪದಲ್ಲಿ, 500 ಮಿಲಿಮೀಟರಿನಲ್ಲಿ, ವಸ್ತುವಿನ ನಿಜಗಾತ್ರದ 0.22ರಷ್ಟು ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸುತ್ತದೆ. ನನ್ನ ಕ್ಯಾಮೆರಾದ ಮಟ್ಟಿಗೆ ಹೇಳುವುದಾದರೆ ಚೌಕಟ್ಟಿನೊಳಗೆ ಹಿಡಿಯುವುದು ಸುಮಾರು ಹನ್ನೊಂದು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಎತ್ತರದ ಜಾಗ ಮಾತ್ರ. ಇಡೀ ಸೌತೆಕಾಯಿ ಅದರಲ್ಲಿ ಹಿಡಿಯುವುದಿಲ್ಲ. ತೊಟ್ಟು, ತೊಟ್ಟಿನ ಸುತ್ತಲಿನ ಒಣಗಿದ ಉಂಗುರ, ಅಲ್ಲಿಂದ ಹೊರಡುವ ನಾಲ್ಕೈದು ಪಟ್ಟೆಗಳು ಹಿಡಿಯುತ್ತವೆ. ಅತಿ ಸಣ್ಣ ವಸ್ತುಗಳನ್ನು ಹತ್ತಿರದಿಂದ ಹಿಡಿಯುವ ಮ್ಯಾಕ್ರೋ ಲೆನ್ಸಿನ ಕೆಲಸ ಇದರಿಂದ ಆಗದು. ಆದರೆ ಮ್ಯಾಕ್ರೋ ಲೆನ್ಸು ಕೊಡದ ಒಂದು ಅನುಕೂಲ ಇದರಲ್ಲಿದೆ: ನೋಟ ಅಷ್ಟು ಕಿರಿದಾಗಿರುವುದರಿಂದ ವಸ್ತುವಿನ ಹಿಂದೆ ಎರಡಡಿ ದೂರದಲ್ಲಿ ಒಂದು ಕೈವಸ್ತ್ರ ತೂಗುಹಾಕಿದರೂ ಹಿನ್ನೆಲೆ ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ಟಿವಿ, ಗೋದ್ರೇಜ್ ಕಪಾಟು, ಮೊಮ್ಮಗನ ಸೈಕಲ್ಲು, ಇವುಗಳ ನಡುವೆ ಬದುಕುವ ಮುಂಬಯಿಯ ಹವ್ಯಾಸಿಗೆ ಇದು ಸಣ್ಣ ಲಾಭವಲ್ಲ.

ಕಷ್ಟವಿರುವುದು ಆಳದಲ್ಲಿ. ಆ ದೂರದಲ್ಲಿ ಎಫ್ 5.6ಕ್ಕೆ ಸ್ಪಷ್ಟವಾಗಿ ಕಾಣುವ ಪದರ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ತಂಬಿಗೆಯ ಕಂಠದ ಮುಂದಿನ ಅಂಚು ಸ್ಪಷ್ಟವಾದರೆ ಹಿಂದಿನ ಅಂಚು ಮಂಜಾಗುತ್ತದೆ. ಎಫ್ 16ಕ್ಕೆ ಇಳಿಸಿದರೆ ಪದರ ಒಂದೂವರೆ ಸೆಂಟಿಮೀಟರಿಗೆ ಹಿಗ್ಗುತ್ತದೆ, ಆದರೆ ಬೆಳಕು ಕಿರಿದಾದ ರಂಧ್ರದಲ್ಲಿ ನುಗ್ಗುವಾಗ ಬಾಗುವುದರಿಂದ ಇಡೀ ಚಿತ್ರದ ಮೊನಚು ತುಸು ಕುಂದುತ್ತದೆ. ಎಫ್ 8 ಮತ್ತು 11ರ ನಡುವೆ ರಾಜಿ ಮಾಡಿಕೊಂಡೆ. ಕಿಟಕಿಯ ಗ್ರಿಲ್ಲಿಗೆ ಬಟರ್ ಪೇಪರ್ ಅಂಟಿಸಿ, ಎದುರುಬದಿಯಲ್ಲಿ ಥರ್ಮೋಕೋಲಿನ ಹಲಗೆ ನಿಲ್ಲಿಸಿದರೆ ಮಳೆಗಾಲದ ಮಧ್ಯಾಹ್ನದ ಬೆಳಕು ಹಿತ್ತಾಳೆಯ ಮೇಲೆ ಹಾಲಿನ ಕೆನೆಯಂತೆ ಕೂರುತ್ತದೆ. ಆದರೆ ಆ ಬೆಳಕಿಗೆ ಶಟರನ್ನು ಅರ್ಧ ಸೆಕೆಂಡು, ಒಂದು ಸೆಕೆಂಡು ತೆರೆದಿಡಬೇಕಾಗುತ್ತದೆ. ಆಗ ತಿಳಿದದ್ದು, ನಮ್ಮ ಕಟ್ಟಡ ಲೋಕಲ್ ರೈಲು ಹಾದುಹೋಗುವಾಗಲೆಲ್ಲ ನಡುಗುತ್ತದೆಯೆಂದು. ಮೂವತ್ತು ವರ್ಷ ಈ ಮನೆಯಲ್ಲಿದ್ದರೂ ನನ್ನ ಮೈಗೆ ತಿಳಿಯದ ನಡುಕವನ್ನು 500 ಮಿಲಿಮೀಟರ್ ಲೆನ್ಸು ತೋರಿಸಿಕೊಟ್ಟಿತು: ಫಾಸ್ಟ್ ಲೋಕಲ್ ಹೋದ ಕ್ಷಣದಲ್ಲಿ ತೆಗೆದ ತಂಬಿಗೆಯ ಅಂಚಿಗೆ ಎರಡು ಗೆರೆ, ಹೋದ ಮೇಲೆ ತೆಗೆದದ್ದಕ್ಕೆ ಒಂದೇ ಗೆರೆ. ಅಂದಿನಿಂದ ಫ್ಯಾನ್ ಆರಿಸಿ, ಬಟನ್ ಒತ್ತಿದ ತುಸು ಹೊತ್ತಿನ ಮೇಲೆ ಶಟರ್ ತೆರೆಯುವ ಎಕ್ಸ್‌ಪೋಷರ್ ಡಿಲೇ ಹಾಕಿ, ರೈಲಿನ ಸದ್ದು ಕರಗುವುದನ್ನು ಕಾದು ಬಟನ್ ಒತ್ತುತ್ತೇನೆ. ಟ್ರೈಪಾಡಿನ ಮೇಲೆ ಇಷ್ಟು ದೀರ್ಘ ಎಕ್ಸ್‌ಪೋಷರಿಗೆ ಕಂಪನ ತಡೆಯುವ ವಿಆರ್ ಸ್ವಿಚ್ಚನ್ನು ಆಫ್ ಮಾಡಿದಾಗಲೇ ನನಗೆ ಒಳ್ಳೆಯ ಫಲ ದೊರೆತಿದೆ.

ಹೀಗೆ ತೆಗೆದ ಒಳ್ಳೆಯ ಚಿತ್ರಗಳಲ್ಲಿ ಸೌತೆಕಾಯಿಯ ಸಿಪ್ಪೆಯ ಮೇಲಿನ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳನ್ನು ಎಣಿಸಬಹುದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನವೆಂಬರಿನಲ್ಲಿ ಹಕ್ಕಿಗಳು ಮರಳಿ ಬಂದು, ನಾನು ಐರೋಳಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಹೊರಡುವ ಬೋಟಿನಲ್ಲಿ ಕುಳಿತು ಮೊದಲ ಮುನ್ನೂರು ಚಿತ್ರಗಳನ್ನು ತೆಗೆದು ಮನೆಗೆ ತಂದಾಗ ಅವುಗಳಲ್ಲಿ ಬಹುಪಾಲು ಮಸುಕಾಗಿದ್ದವು. ಮಳೆಗಾಲದ ಅಭ್ಯಾಸವಿಲ್ಲದಿದ್ದರೆ ನಾನು ಲೆನ್ಸನ್ನೇ ದೂರಿ ಅದನ್ನು ಮಾರಿಬಿಡುತ್ತಿದ್ದೆ. ಆದರೆ ಇದೇ ಗಾಜು ಸಿಪ್ಪೆಯ ಚುಕ್ಕೆಗಳನ್ನು ತೋರಿಸಿದೆಯಲ್ಲ. ತಪ್ಪು ಬೇರೆಡೆ ಇರಬೇಕು. ಇತ್ತು ಕೂಡ. ಹತ್ತು ಗಂಟೆಯ ಬಿಸಿಲಿಗೆ ಕೆಸರು ಬಯಲಿನ ಮೇಲಿನ ಗಾಳಿ ಕಾದು ನಡುಗುತ್ತದೆ, ನೂರೈವತ್ತು ಮೀಟರ್ ಆಚೆಯ ಹಕ್ಕಿಯ ಗರಿಗಳು ಆ ನಡುಕದಲ್ಲೇ ಕಲಸಿಹೋಗುತ್ತವೆ. ಎಷ್ಟು ದುಬಾರಿಯ ಲೆನ್ಸೂ ಅದನ್ನು ಸರಿಪಡಿಸಲಾರದು. ಮುಂದಿನ ಸಲ ಬೆಳಗಿನ ಮೊದಲ ಬೋಟು ಹಿಡಿದೆ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿಗೆ ಹೋಗಬೇಕಾದ ನನಗೆ ಅದು ಕತ್ತಲಲ್ಲೇ ಏಳುವ ಶಿಕ್ಷೆ.

ಠಾಣೆ ಖಾಡಿಯ ರಾಜಹಂಸ ಅಭಯಾರಣ್ಯ ಘೋಷಣೆಯಾದದ್ದು 2015ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್‌ಸಾರ್ ತಾಣವೆಂಬ ಮನ್ನಣೆ ಪಡೆದದ್ದು 2022ರಲ್ಲಿ. ಅಲ್ಲಿ ಎರಡು ಬಗೆಯ ರಾಜಹಂಸಗಳೂ ಇವೆ. ಕಪ್ಪಾದ ಕೊಕ್ಕಿನ, ಗುಲಾಬಿ ಹೆಚ್ಚಿರುವ ಚಿಕ್ಕವುಗಳ ಸಂಖ್ಯೆ ಹೆಚ್ಚು, ಬಿಳಿ ಹೆಚ್ಚಿರುವ, ಕೊಕ್ಕಿನ ತುದಿ ಮಾತ್ರ ಕಪ್ಪಾದ ದೊಡ್ಡವು ಕಡಿಮೆ. ಪೂರ್ತಿ ಇಳಿತವಿದ್ದರೆ ಹಕ್ಕಿಗಳು ಕೆಸರಿನಲ್ಲಿ ದೂರ ಹರಡಿಕೊಂಡಿರುತ್ತವೆ, ಬೋಟಿಗೆ ನೀರಿರುವುದಿಲ್ಲ. ಉಬ್ಬರ ಏರುತ್ತಿರುವ ಹೊತ್ತಿಗೆ ಮೇಯುವ ಜಾಗ ಕಿರಿದಾಗಿ ಹಕ್ಕಿಗಳು ಹತ್ತಿರವಾಗುತ್ತವೆ. ಬೋಟಿನ ಅಲುಗಾಟದಲ್ಲಿ ಟ್ರೈಪಾಡ್ ನಿರುಪಯೋಗಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ವಿಆರನ್ನು ಸ್ಪೋರ್ಟ್‌ಗೆ ಹಾಕಿ, ಶಟರನ್ನು ಸೆಕೆಂಡಿನ ಎರಡು ಸಾವಿರದ ಒಂದು ಭಾಗಕ್ಕೆ ಏರಿಸಿದರೆ ಹಾರುವ ಸಾಲನ್ನು ಹಿಡಿಯಬಹುದು. ಅಲ್ಲೂ ಮೇಜಿನ ಪಾಠವೇ ನೆರವಿಗೆ ಬಂತು. ಕಪ್ಪು ಕಂಬಳಿಯ ಮೇಲಿಟ್ಟ ಮಲ್ಲಿಗೆ ದಂಡೆಯನ್ನು ತೆಗೆಯುವಾಗ ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸಿ ಹೂವನ್ನು ಸುಟ್ಟುಬಿಡುತ್ತಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆರಳಿನೆದುರು ಬಿಸಿಲಲ್ಲಿ ನಿಂತ ಬೆಳ್ಳಕ್ಕಿಯದೂ ಅದೇ ಲೆಕ್ಕ, ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿಗೆ, ಇಳಿಸಲೇಬೇಕು. ದಾಸವಾಳದ ಕೆಂಪಿನಂತೆ ರಾಜಹಂಸದ ಗುಲಾಬಿಯಲ್ಲೂ ಕೆಂಪು ಚಾನೆಲ್ ಉಳಿದವುಗಳಿಗಿಂತ ಮೊದಲು ತುಂಬಿ ಚೆಲ್ಲುತ್ತದೆ. ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ, ಅಂದರೆ ಒಟ್ಟು ಹಿಸ್ಟೋಗ್ರಾಮ್ ನೋಡಿ ಸಮಾಧಾನಪಟ್ಟರೆ ರೆಕ್ಕೆಯ ಒಳಬದಿಯ ಗರಿಗಳು ಒಂದೇ ಬಣ್ಣದ ಮುದ್ದೆಯಾಗಿರುತ್ತವೆ.

ಬೋಟಿನಲ್ಲಿ ಕೆಲವರು ಕಡಲಕ್ಕಿಗಳಿಗೆ ಸೇವು, ಗಾಠಿಯಾ ಎಸೆದು ಅವು ಹಾರಿಬರುವ ಚಿತ್ರ ತೆಗೆಯಲು ಹವಣಿಸುವುದುಂಟು. ಸೌತೆಕಾಯಿಯನ್ನು ಬೇಕಾದಂತೆ ತಿರುಗಿಸಿಡುವ ಹಕ್ಕು ನನಗಿದೆ, ಹಕ್ಕಿಗೆ ಕರಿದ ತಿಂಡಿ ತಿನ್ನಿಸುವ ಹಕ್ಕು ಇಲ್ಲವೆಂದು ಒಬ್ಬರಿಗೆ ಹೇಳಿ ಬೈಸಿಕೊಂಡಿದ್ದೇನೆ.

ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಈ ಲೆನ್ಸಿನ ಮಿತಿ ಬೇಗ ತಿಳಿಯುತ್ತದೆ. ಮರಗಳ ಕೆಳಗೆ ಬೆಳಗಿನ ಏಳು ಗಂಟೆಗೆ ಎಫ್ 5.6 ಸಾಲದು, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಜಿಂಕೆಯ ಚಿತ್ರ ರವೆ ಸುರಿದಂತೆ ಕಂಡಿತು. ಚಿರತೆ ನನಗೆ ಕಂಡಿಲ್ಲ. ಬದಲಾಗಿ ಠಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿಯ ಚಿಟ್ಟೆ ತೋಟದಲ್ಲಿ ಲೆನ್ಸು ತನ್ನ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸಿತು. ಮಹಾರಾಷ್ಟ್ರದ ರಾಜ್ಯ ಚಿಟ್ಟೆಯಾದ ಬ್ಲೂ ಮಾರ್ಮನ್ ರೆಕ್ಕೆ ಬಿಡಿಸಿದರೆ ಒಂದು ಅಂಗೈಯಷ್ಟು ಅಗಲ. ಮೂರು ಮೀಟರ್ ದೂರದಿಂದಲೇ, ಅದನ್ನು ಹೆದರಿಸದೆ, ಚೌಕಟ್ಟು ತುಂಬಿಸಬಹುದು. ಹೂವಿನ ಮೇಲೆ ಕುಳಿತ ಮೂರು ನಿಮಿಷ ಅದು ಸ್ಟಿಲ್ ಲೈಫ್, ಆಮೇಲೆ ವನ್ಯಜೀವಿ.

ಬಳಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಜೂಮ್ ರಿಂಗನ್ನು 200ರಿಂದ 500ಕ್ಕೆ ಒಂದೇ ತಿರುವಿನಲ್ಲಿ ಒಯ್ಯಲಾಗದು, ಕೈಯನ್ನು ಬದಲಿಸಿ ಹಿಡಿಯಬೇಕಾಗುತ್ತದೆ. ಹಾಗಾಗಿ ಹಕ್ಕಿ ಬರುವ ಮೊದಲೇ 500ರಲ್ಲಿಟ್ಟು ಕಾಯುವುದು ಲೇಸು. ಜೂಮ್ ಮಾಡಿದಾಗ ನಳಿಗೆ ಮುಂದಕ್ಕೆ ಚಾಚುವುದರಿಂದ ಹೊರಗಿನ ಗಾಳಿ ಒಳಹೋಗುತ್ತದೆ. ಖಾಡಿಯಿಂದ ಬಂದ ದಿನ ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ತೂಕವನ್ನು ದೋಷವೆನ್ನಲಾರೆ, ಎಫ್ 5.6 ಬೇಕೆಂದರೆ ಅಷ್ಟು ಗಾಜು ಬೇಕು. ಆದರೆ ಅರುವತ್ತು ದಾಟಿದ ಭುಜ ಅದನ್ನು ಒಪ್ಪಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಇನ್ನು ಪಕ್ಕದಲ್ಲಿರುವ ಫೋಕಸ್ ಮಿತಿಯ ಸ್ವಿಚ್ಚು. ಅದನ್ನು ಆರು ಮೀಟರಿಗೆ ಹಾಕಿದರೆ ಲೆನ್ಸು ಹತ್ತಿರದ್ದನ್ನು ಹುಡುಕುವ ಗೋಜಿಗೆ ಹೋಗದೆ ದೂರದ ಹಕ್ಕಿಯನ್ನು ಬೇಗ ಹಿಡಿಯುತ್ತದೆ. ಖಾಡಿಯಿಂದ ಬಂದ ಮರುದಿನ ತಂಬಿಗೆಯ ಮುಂದೆ ಫೋಕಸ್ಸೇ ಆಗದೆ, ಲೆನ್ಸು ಕೆಟ್ಟಿತೆಂದು ಫೋರ್ಟಿನ ವ್ಯಾಪಾರಿಗೆ ಫೋನು ಮಾಡಿ ಅರ್ಧ ಗಂಟೆ ಜಗಳವಾಡಿದೆ. ಆತ ಶಾಂತವಾಗಿ ಕೇಳಿದ್ದು ಒಂದೇ ಪ್ರಶ್ನೆ, ಸ್ವಿಚ್ಚು ಎಲ್ಲಿದೆ ಎಂದು.

ನಿಕಾನ್ 2023ರಲ್ಲಿ ಒಳಗೆ ಕನ್ನಡಿಯಿಲ್ಲದ (ಮಿರರ್‌ಲೆಸ್) ಕ್ಯಾಮೆರಾಗಳಿಗಾಗಿ ಜ಼ೆಡ್ ಮಾದರಿಯ 180–600 ಲೆನ್ಸನ್ನು ತಂದಿದೆ. ಅದರ ಜೂಮ್ ಒಳಗೇ ಚಲಿಸುತ್ತದೆ, ನಳಿಗೆ ಚಾಚುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಇರುವವರು ಮತ್ತು ಹೊಸದನ್ನೇ ಕೊಳ್ಳುವವರು ಅದನ್ನು ನೋಡಲಿ. ನನ್ನದರಂತೆ ಕನ್ನಡಿಯುಳ್ಳ ಹಳೆಯ ಡಿಎಸ್‌ಎಲ್‌ಆರ್ ಇಟ್ಟುಕೊಂಡಿರುವ, ನಾಳೆ ಮಿರರ್‌ಲೆಸ್‌ಗೆ ಹೋದರೂ ಹಳೆಯ ಲೆನ್ಸನ್ನು ಅದಕ್ಕೆ ಜೋಡಿಸುವ ಎಫ್‌ಟಿಜ಼ೆಡ್ ಅಡಾಪ್ಟರ್ ಹಾಕಿ ಇದನ್ನೇ ಮುಂದುವರಿಸಲು ಸಿದ್ಧರಿರುವ ಹವ್ಯಾಸಿಗಳಿಗೆ ಸೆಕೆಂಡ್ ಹ್ಯಾಂಡ್ 200–500 ಒಳ್ಳೆಯ ವ್ಯಾಪಾರವೇ. ಬಾಡಿಗೆಗೆ ತಂದು ಪರೀಕ್ಷಿಸುವವರು ಎರಡು ದಿನಗಳಲ್ಲಿ ಒಂದನ್ನು ಮನೆಯ ಮೇಜಿಗೆ ಕೊಡಲಿ. ಬರುವ ಶನಿವಾರ ಬೆಳಿಗ್ಗೆ ಉಬ್ಬರದ ವೇಳೆ ಅನುಕೂಲವಾಗಿದೆ. ನಾನು ಸ್ವಿಚ್ಚನ್ನು ಈಗಲೇ ಆರು ಮೀಟರಿಗೆ ತಿರುಗಿಸಿಟ್ಟು, ಡಬ್ಬಿಯ ಮುಚ್ಚಳದ ಮೇಲೆ ಹಾಗೆಂದು ಚೀಟಿ ಅಂಟಿಸಿದ್ದೇನೆ.