ಡಿಸ್ಪೇಸ್ ವರ್ಷಗಟ್ಲೆ ಬಳಸಿದ ಮೇಲೆ: ಥೀಸಿಸ್‌ಗೆ ಸೈ, ಫೋಟೋಗೆ ಅಷ್ಟಕ್ಕಷ್ಟೇ

ಡಿಸ್ಪೇಸ್ ಅಂದ್ರೆ ಥೀಸಿಸ್, ಫೋಟೋ ಥರದ ಡಿಜಿಟಲ್ ಫೈಲ್‌ಗಳನ್ನ ಜೋಪಾನವಾಗಿ ಕೂಡಿಟ್ಟು ಹುಡುಕೋಕೆ ಸಿಗೋ ಹಾಗೆ ಮಾಡೋ ಸಾಫ್ಟ್‌ವೇರ್. ಅದನ್ನ ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ತೋರ್ಸೋ ವಿಡಿಯೋ ಬೇಕಾದಷ್ಟಿವೆ, ಇನ್‌ಸ್ಟಾಲ್ ಆದ್ಮೇಲೆ ವರ್ಷಾನುಗಟ್ಲೆ ಅದ್ರ ಜೊತೆ ಏಗೋದು ಹೇಗೆ ಅಂತ ಹೇಳೋರು ಕಮ್ಮಿ. ನಾನು ಕರ್ನಾಟಕದ ಒಂದು ಯೂನಿವರ್ಸಿಟಿ ಲೈಬ್ರರೀಲಿ ಕೆಲ್ಸ ಮಾಡ್ತೀನಿ, ವರ್ಶನ್ 5 ಇದ್ದಾಗಿಂದ ಇದನ್ನ ನೋಡ್ಕೋತಾ ಇದೀನಿ, ಈಗ 7ರಲ್ಲಿದೀವಿ. ಥೀಸಿಸ್, ಹಳೇ ಫೋಟೋ, ಕಾಲೇಜು ವಾರ್ಷಿಕ ಸಂಚಿಕೆ, ಹುಡುಗ್ರ ಪ್ರಾಜೆಕ್ಟು ಎಲ್ಲಾ ಇದ್ರೊಳಗೇ ಇದೆ. ನಮ್ಮಲ್ಲೂ ಒಂದು ಹಾಕ್ಬೇಕು ಅಂದ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಎಂಐಟಿ ಲೈಬ್ರರಿಯೋರೂ ಎಚ್‌ಪಿ ಲ್ಯಾಬ್ಸ್‌ನೋರೂ ಸೇರಿ 2002ರಲ್ಲಿ ಬಿಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು, ದುಡ್ಡು ಕೊಡ್ಬೇಕಾಗಿಲ್ಲ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಸೆಂಟರ್ ನಡೆಸೋ ಶೋಧಗಂಗಾ, ಅಂದ್ರೆ ದೇಶದ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಭಂಡಾರ, ಓಡೋದೂ ಇದ್ರ ಮೇಲೇನೇ. ಬೆಂಗ್ಳೂರಿನ ಐಐಎಸ್‌ಸಿಯಲ್ಲಿ ಥೀಸಿಸ್‌ಗೆ ಡಿಸ್ಪೇಸ್, ಪೇಪರ್‌ಗಳಿಗೆ ಇಪ್ರಿಂಟ್ಸ್ ಅನ್ನೋ ಇದೇ ಥರದ ಇನ್ನೊಂದು ಸಾಫ್ಟ್‌ವೇರ್. ಯುಜಿಸಿ 2009ರಲ್ಲಿ ಪಿಎಚ್‌ಡಿ ಥೀಸಿಸ್ ಸಾಫ್ಟ್ ಕಾಪಿ ಕೊಡ್ಲೇಬೇಕು ಅಂತ ರೂಲ್ ತಂದ್ಮೇಲೆ ಇದ್ರ ಹೆಸ್ರು ಎಲ್ಲಾ ಲೈಬ್ರರಿಗಳ ಬಾಯಲ್ಲೂ ಬಂತು. ಕಾಲೇಜುಗಳ ಗುಣಮಟ್ಟ ನೋಡೋ ನ್ಯಾಕ್ ಟೀಮ್ ಬರುತ್ತೆ ಅಂದ ತಕ್ಷಣ ಒಂದು ರೆಪಾಸಿಟರಿ (ಇಂಥ ಡಿಜಿಟಲ್ ಭಂಡಾರ) ಎದ್ದು ನಿಲ್ಲುತ್ತೆ, ಅವ್ರು ಹೋದ್ಮೇಲೆ ಆ ಸರ್ವರ್ ಕಡೆ ಯಾರೂ ತಲೆ ಹಾಕಲ್ಲ, ಅದು ಬೇರೆ ಕಥೆ ಬಿಡಿ.

ಚೆನ್ನಾಗಿರೋದು ಮೊದ್ಲು. ಒಳಗೆ ಹಾಕಿದ ಪ್ರತಿ ಫೈಲ್‌ಗೂ ಒಂದು ಚೆಕ್‌ಸಮ್ (ಫೈಲ್‌ನ ಬೆರಳಚ್ಚು ಥರದ ಕೋಡು) ಲೆಕ್ಕ ಹಾಕಿ ಇಟ್ಕೊಳುತ್ತೆ, ಚೆಕರ್ ಕಮಾಂಡನ್ನ ರಾತ್ರಿ ತಾನಾಗೇ ಓಡೋ ಹಾಗೆ ಕ್ರಾನ್‌ನಲ್ಲಿ (ಲಿನಕ್ಸ್‌ನ ಟೈಮರ್) ಹಾಕಿಟ್ರೆ ಫೈಲ್ ಬದಲಾಗಿದ್ಯಾ ಹಾಳಾಗಿದ್ಯಾ ಅಂತ ನೋಡಿ ಮೇಲ್ ಮಾಡುತ್ತೆ. ನಮ್ಮಲ್ಲಿ ಒಂದ್ಸಲ ಡಿಸ್ಕ್ ಕೈಕೊಡೋಕೆ ಶುರು ಮಾಡಿದ್ದು ಗೊತ್ತಾಗಿದ್ದೇ ಈ ಮೇಲ್‌ನಿಂದ. ಯಾವ್ದೋ ಹಳೇ ಥೀಸಿಸ್ಸು, ಯಾರೂ ಓಪನ್ ಮಾಡಿರ್ಲಿಲ್ಲ, ಚೆಕರ್ ಇಲ್ದೆ ಇದ್ರೆ ಇನ್ನೂ ಹತ್ತು ವರ್ಷ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಕೊಂಡ್ರೆ ಸಾಕಲ್ವಾ ಸಾರ್ ಅಂತ ಕೇಳೋರಿಗೆ ನಾನು ಕೊಡೋ ಉತ್ತರ ಇದೊಂದೇ.

ಆಮೇಲೆ ಹ್ಯಾಂಡಲ್. ಪ್ರತಿ ಐಟಂಗೂ ಒಂದು ಪರ್ಮನೆಂಟ್ ಲಿಂಕ್ ಸಿಗುತ್ತೆ, ಸರ್ವರ್ ಹೆಸ್ರು ಬದಲಾದ್ರೂ ಆ ಲಿಂಕ್ ನಡೀತಿರುತ್ತೆ. ಆದ್ರೆ ಅದಕ್ಕೆ ಸ್ವಂತ ಪ್ರಿಫಿಕ್ಸ್ (ಲಿಂಕ್‌ನಲ್ಲಿ ಬರೋ ನಮ್ಮ ಸಂಸ್ಥೆಯ ನಂಬರ್) ರಿಜಿಸ್ಟರ್ ಮಾಡ್ಸಿ ವರ್ಷಾ ವರ್ಷಾ ಒಂಚೂರು ಫೀಸ್ ಕಟ್ಬೇಕು. ಇದನ್ನ ಮಾಡ್ಸದೇ ಇರೋ ಕಡೆ ಲಿಂಕ್‌ನಲ್ಲಿ 123456789 ಅಂತಾನೇ ಇರುತ್ತೆ, ಅದು ಡಿಸ್ಪೇಸ್ ಜೊತೆ ಬರೋ ಡಮ್ಮಿ ನಂಬರ್. ನಮ್ಮ ದೇಶದ ಎಷ್ಟು ರೆಪಾಸಿಟರೀಲಿ ಈ ನಂಬರ್ ಕೂತಿದೆ ಅಂತ ಒಂದ್ಸಲ ಗೂಗಲ್ ಮಾಡಿ ನೋಡಿ. ಫೀಸು ದೊಡ್ಡದಲ್ಲ, ಫಾರಿನ್ ಪೇಮೆಂಟ್‌ಗೆ ಫೈನಾನ್ಸ್ ಸೆಕ್ಷನ್‌ನಲ್ಲಿ ಫೈಲ್ ಮೂವ್ ಆಗಲ್ಲ ಅಷ್ಟೇ.

ಈಗ ಕನ್ನಡದ ಗೋಳು. ಕನ್ನಡ ವಿಭಾಗ, ಜಾನಪದ, ಇತಿಹಾಸ, ಈ ಕಡೆಯಿಂದ ಬರೋ ಹಳೇ ಥೀಸಿಸ್‌ಗಳೆಲ್ಲಾ ನುಡೀಲೋ ಶ್ರೀಲಿಪೀಲೋ, ಅಂದ್ರೆ ಯೂನಿಕೋಡ್ ಅಲ್ಲದ ಹಳೇ ಫಾಂಟ್‌ಗಳಲ್ಲಿ, ಟೈಪ್ ಮಾಡಿರೋವು. ಪಿಡಿಎಫ್ ಓಪನ್ ಮಾಡಿದ್ರೆ ಅಕ್ಷರ ಮುತ್ತಿನ ಹಾಗೆ ಕಾಣುತ್ತೆ, ಒಂದು ಸಾಲು ಕಾಪಿ ಮಾಡಿ ಪೇಸ್ಟ್ ಮಾಡಿ ನೋಡಿ, ತಲೆ ಮೇಲೆ ಗೀಟು ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳು ಉದುರುತ್ವೆ. ಡಿಸ್ಪೇಸ್ ಓದೋದೂ ಅದನ್ನೇ, ಸರ್ಚ್‌ಗೆ ಹಾಕೋದೂ ಅದನ್ನೇ. ಹಂಗಾಗಿ ‘ದೇವದಾಸಿ’ ಅಂತ ಹುಡುಕಿದ್ರೆ ಟೈಟಲ್‌ನಲ್ಲಿ ಇರೋದಷ್ಟೇ ಬರುತ್ತೆ, ಒಳಗಡೆ ಮುನ್ನೂರು ಪುಟ ಅದೇ ವಿಷ್ಯ ಇದ್ರೂ ಬರಲ್ಲ. ಇದು ಸಾಫ್ಟ್‌ವೇರ್ ತಪ್ಪಲ್ಲ ಆದ್ರೆ ಬಳಸೋರಿಗೆ ಅದೆಲ್ಲಾ ಬೇಕಾಗಿಲ್ವಲ್ಲ, ಸರ್ಚ್ ಕೆಟ್ಟಿದೆ ಅಂತಾನೇ ಕಂಪ್ಲೇಂಟ್ ಬರುತ್ತೆ. ನಾವು ಕಂಡ್ಕೊಂಡ ದಾರಿ ಏನಂದ್ರೆ ಪುಟಗಳನ್ನ ಇಮೇಜ್ ಮಾಡಿ ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕನ್ನಡ ಒಸಿಆರ್ (ಚಿತ್ರದಲ್ಲಿರೋ ಅಕ್ಷರ ಓದಿ ಟೆಕ್ಸ್ಟ್ ಮಾಡೋದು) ಓಡ್ಸಿ, ಯೂನಿಕೋಡ್ ಟೆಕ್ಸ್ಟ್ ಹಿಂದೆ ಕೂತಿರೋ ಪಿಡಿಎಫ್ ಮಾಡಿ, ಅದನ್ನ ಮೂಲ ಫೈಲ್ ಜೊತೆ ಸೇರ್ಸೋದು. ಒತ್ತಕ್ಷರದಲ್ಲಿ ತಪ್ಪು ಇದ್ದೇ ಇರುತ್ತೆ, ಓದೋಕೆ ಅಲ್ಲ ಹುಡುಕೋಕೆ ತಾನೇ, ಸಾಕು.

ಇಲ್ಲಿ ಇನ್ನೊಂದು ಸಣ್ಣ ಕಿತಾಪತಿ ಇದೆ. ವರ್ಶನ್ 7ರಲ್ಲಿ ಒಂದು ಫೈಲ್‌ನಿಂದ ಸರ್ಚ್‌ಗೆ ಅಂತ ತೆಗೆಯೋ ಟೆಕ್ಸ್ಟ್‌ಗೆ ಡೀಫಾಲ್ಟ್ ಮಿತಿ 1,00,000 ಅಕ್ಷರ. ದಪ್ಪ ಥೀಸಿಸ್ ಆದ್ರೆ ಮೊದಲ ಕೆಲವು ಅಧ್ಯಾಯಕ್ಕೇ ಅದು ಮುಗ್ದೋಗುತ್ತೆ, ಕೊನೇ ಅಧ್ಯಾಯ ಸರ್ಚ್‌ಗೆ ಸಿಗೋದೇ ಇಲ್ಲ, ಎರರ್ ಏನೂ ತೋರ್ಸಲ್ಲ. ಕಾನ್ಫಿಗ್‌ನಲ್ಲಿ ಆ ನಂಬರ್ ಜಾಸ್ತಿ ಮಾಡಿ, ಟೆಕ್ಸ್ಟ್ ತೆಗೆಯೋ ಫಿಲ್ಟರ್ ಮತ್ತೆ ಓಡ್ಸಿ, ಸರ್ವರ್‌ನಲ್ಲಿ ಮೆಮೊರಿ ಇದ್ರೆ.

ಫೋಟೋ ವಿಷಯಕ್ಕೆ ಬಂದ್ರೆ ನನ್ನ ಅಭಿಪ್ರಾಯ ಒಂಚೂರು ಕಹಿ. ಸ್ಕ್ಯಾನಿಂಗ್ ಟೆಂಡರ್ ತಗೊಂಡೋರು ಎಲ್ಲಾ ಫೋಟೋನೂ ಸಣ್ಣ ಜೆಪೆಗ್ ಮಾಡಿ, ಕ್ಯಾಮೆರಾ ಕೊಡೋ ಥರ ಬರೀ ನಂಬರ್ ಹೆಸ್ರಲ್ಲಿ ಕೊಟ್ಟು ಬಿಲ್ ಪಾಸ್ ಮಾಡಿಸ್ಕೊಂಡು ಹೋದ್ರು, ಆಲ್ಬಮ್‌ನ ಹಿಂದೆ ಪೆನ್ಸಿಲ್‌ನಲ್ಲಿ ಬರ್ದಿದ್ದನ್ನ ಸ್ಕ್ಯಾನೇ ಮಾಡಿರ್ಲಿಲ್ಲ. ಅದನ್ನೆಲ್ಲಾ ನಾವೇ ಟಿಫ್‌ನಲ್ಲಿ (ಗುಣಮಟ್ಟ ಕಳೀದ ದೊಡ್ಡ ಇಮೇಜ್ ಫೈಲ್) ಮತ್ತೆ ಮಾಡಿದ್ವಿ. ಟಿಫ್ ಹಾಕಿದ್ರೆ ಹೆಚ್ಚಿನ ಬ್ರೌಸರ್‌ಗಳಲ್ಲಿ ತೆರೆಯಲ್ಲ, ಜನಕ್ಕೆ ತೋರ್ಸೋಕೆ ಜೊತೆಗೊಂದು ಜೆಪೆಗ್ ಹಾಕ್ಬೇಕು. ಜೂಮ್ ಮಾಡಿ ಮುಖ ನೋಡೋ ಸೌಲಭ್ಯ ಹೊಸ ವರ್ಶನ್‌ನಲ್ಲಿದೆ, ಆದ್ರೆ ಅದಕ್ಕೆ ಬೇರೆ ಇಮೇಜ್ ಸರ್ವರ್ ಕೂರ್ಸಬೇಕು. ತಾರೀಖಿನ ಕಾಲಂ ವರ್ಷ ಕೊಡ್ಲೇಬೇಕು ಅನ್ನುತ್ತೆ, ‘1950ರ ದಶಕ ಇರ್ಬೋದು’ ಅಂತ ಬರೆಯೋಕೆ ಜಾಗ ಇಲ್ಲ, ನಾವು ಅದಕ್ಕೆ ಬೇರೆ ಟೆಕ್ಸ್ಟ್ ಫೀಲ್ಡ್ ಮಾಡ್ಕೊಂಡ್ವಿ. ಹೆಸರಿನದ್ದೂ ಅಷ್ಟೇ. ಕುವೆಂಪು ಅಂತ ಒಂದ್ಕಡೆ, ಕೆ.ವಿ. ಪುಟ್ಟಪ್ಪ ಅಂತ ಒಂದ್ಕಡೆ, ಡಾ. ಪುಟ್ಟಪ್ಪ ಅಂತ ಮತ್ತೊಂದ್ಕಡೆ ಟೈಪ್ ಮಾಡಿದ್ರೆ ಲಿಸ್ಟ್‌ನಲ್ಲಿ ಮೂರು ಜನ ಆಗ್ತಾರೆ. ಮೊದಲನೇ ದಿನವೇ ಒಂದು ಹೆಸರಿನ ಪಟ್ಟಿ ಮಾಡಿ ಗೋಡೆಗೆ ಅಂಟ್ಸಿ.

ಆದ್ರೆ ಹೆಸ್ರು ಗೊತ್ತಿದ್ರೆ ತಾನೇ? ಗ್ರೂಪ್ ಫೋಟೋನ ಎ3 ಪ್ರಿಂಟ್ ತೆಗ್ದು ಪ್ರತಿ ತಲೆ ಮೇಲೂ ನಂಬರ್ ಬರ್ದು ರಿಟೈರ್ ಆದ ಸೂಪರಿಂಟೆಂಡೆಂಟ್ ಒಬ್ರನ್ನ ಕೂರಿಸ್ಕೊಂಡ್ವಿ. ಕನ್ನಡಕ ಹಣೆ ಮೇಲೇರಿಸಿ ಹತ್ರ ಹಿಡ್ಕೊಂಡು, “14 ನಮ್ ರಿಜಿಸ್ಟ್ರಾರ್ ಅಲ್ಲಪ್ಪ, ಅವ್ರ ಷಡ್ಡಕ, ಫೋಟೋಗೆ ಅಂತಾನೇ ಬಂದು ನಿಂತ್ಕೊಂಡಿದ್ರು” ಅಂದ್ರು. ಹಳೇ ಕ್ಯಾಪ್ಶನ್‌ನಲ್ಲಿ ರಿಜಿಸ್ಟ್ರಾರ್ ಅಂತಾನೇ ಇತ್ತು. ಸರ್ವರ್‌ಗೆ ಖರ್ಚು ಮಾಡೋ ಮುಂಚೆ ಇಂಥವ್ರ ಮನೆಗೆ ಒಂದು ಕಾರ್ ಕಳ್ಸಿ.

ಹುಡುಗ್ರ ಕೆಲ್ಸದ ಬಗ್ಗೆ ಎರಡೇ ಮಾತು. ಪ್ರಾಜೆಕ್ಟ್ ರಿಪೋರ್ಟ್‌ನ ಕಾಪಿರೈಟ್ ಸಾಮಾನ್ಯವಾಗಿ ಬರ್ದ ಹುಡುಗ್ರದ್ದೇ, ಅಪ್‌ಲೋಡ್ ಮಾಡೋವಾಗ ಬರೋ ಲೈಸೆನ್ಸ್ ಪುಟಾನ ಡಿಸ್ಪೇಸ್ ಐಟಂ ಜೊತೆನೇ ಇಟ್ಕೊಳುತ್ತೆ, ಅದನ್ನ ಗುಮಾಸ್ತರು ಒಪ್ಪಿಗೆ ಒತ್ತಿ ಮುಂದೆ ಹೋದ್ರೆ ಅರ್ಥ ಇಲ್ಲ, ಹುಡುಗ್ರ ಸಹಿ ಕಾಗದದಲ್ಲಾದ್ರೂ ಇರ್ಲಿ. ಅನುಬಂಧದಲ್ಲಿ ಸರ್ವೇಗೆ ಉತ್ತರ ಕೊಟ್ಟೋರ ಫೋನ್ ನಂಬರ್ ಸಮೇತ ಇರುತ್ತೆ, ಅದನ್ನ ತೆಗ್ದು ಹಾಕಿ, ಇಲ್ಲಾಂದ್ರೆ ಆ ಒಂದು ಫೈಲ್ ಮಾತ್ರ ಲಾಕ್ ಮಾಡಿ, ಅದಕ್ಕೆ ಅವಕಾಶ ಇದೆ.

ಅಪ್‌ಗ್ರೇಡ್ ಅಂತೂ ಜೀವ ತಿನ್ನುತ್ತೆ. 2021ರಲ್ಲಿ 7 ಬಂದಾಗ ಬಳಸೋರಿಗೆ ಕಾಣೋ ಹಳೇ ಜೆಎಸ್‌ಪಿ ಇಂಟರ್‌ಫೇಸ್ ಪೂರ್ತಿ ಕಿತ್ತು ಆಂಗ್ಯುಲರ್ ಅನ್ನೋ ಬೇರೆ ತಂತ್ರಜ್ಞಾನದ್ದು ಹಾಕಿದ್ರು, ನಾವು ಕಷ್ಟಪಟ್ಟು ಮಾಡ್ಕೊಂಡಿದ್ದ ಥೀಮ್ ಎಲ್ಲಾ ಗುಜರಿ, ಮೆಮೊರೀನೂ ಜಾಸ್ತಿ ಕೇಳುತ್ತೆ, ಹಳೇ ಸರ್ವರ್‌ನಲ್ಲಿ ಉಸಿರು ಕಟ್ಟುತ್ತೆ. ಡೇಟಾ ಮಾತ್ರ ಒಂದೂ ಕಳೀಲಿಲ್ಲ, ಅದಕ್ಕೆ ಪೂರ್ತಿ ಮಾರ್ಕ್ಸ್.

ನನ್ನ ಲೆಕ್ಕದಲ್ಲಿ 5ಕ್ಕೆ 3.5. ಥೀಸಿಸ್, ಪೇಪರ್, ವಾರ್ಷಿಕ ಸಂಚಿಕೆಗೆ ಕಣ್ಮುಚ್ಚಿ ಹಾಕಿ, ಬರೀ ಫೋಟೋ ಪ್ರದರ್ಶನ ಬೇಕು ಅಂದ್ರೆ ಒಮೇಕಾ ಅನ್ನೋ ಸಾಫ್ಟ್‌ವೇರ್ ನೋಡಿ. ಲಿನಕ್ಸ್ ಗೊತ್ತಿರೋ ಒಬ್ಬ ಪರ್ಮನೆಂಟ್ ಮನುಷ್ಯ ಇಲ್ಲ, ಗೆಸ್ಟ್ ಸ್ಟಾಫ್ ಮೇಲೇ ನಡೆಸ್ತೀವಿ ಅನ್ನೋ ಕಡೆ ಶುರು ಮಾಡ್ಬೇಡಿ, ಥೀಸಿಸ್ ಶೋಧಗಂಗಾಗೆ ಸರಿಯಾಗಿ ಕಳ್ಸಿ ಸಾಕು. ಇನ್ನೂ 6ರಲ್ಲೇ ಇರೋರು ಬೇಗ ಹೊರಡಿ, ಅದಕ್ಕೆ ಸಪೋರ್ಟ್ 2023ರಲ್ಲೇ ನಿಂತೋಯ್ತು. ಹೊರಡೋ ಮುಂಚೆ ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ಕಾಪಿ) ಮತ್ತೆ ಫೈಲ್‌ಗಳಿರೋ ಅಸೆಟ್‌ಸ್ಟೋರ್ ಫೋಲ್ಡರ್ ಎರಡೂ ಒಟ್ಟಿಗೆ ತಗೊಳ್ಳಿ. ಫೋಲ್ಡರ್ ಒಂದನ್ನೇ ಕಾಪಿ ಮಾಡ್ಕೊಂಡ್ರೆ ಒಳಗೆ ಬರೀ ಉದ್ದುದ್ದ ನಂಬರ್ ಹೆಸರಿನ ಫೈಲ್‌ಗಳು, ಯಾವ್ದು ಯಾರ ಥೀಸಿಸ್ ಅಂತ ಡೇಟಾಬೇಸ್‌ಗೆ ಮಾತ್ರ ಗೊತ್ತು.